ಬೈಯಲು ಬಾರದ ಭಾಷೆ

ಹೋಟೆಲ್ಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಾನೂ ಇಸ್ತ್ರಿ ಅಕ್ಕನೂ ಹನ್ನೊಂದು ವರ್ಷದಿಂದ ಒಂದೇ ಮೇಜಿನ ಎರಡು ತುದಿಗೆ ನಿಂತಿದ್ದೇವೆ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲಾಗದು. ಆ ಅಂಚು ಅವಳು, ಈ ಅಂಚು ನಾನು. ಹತ್ತಿರ ಬಂದು ಅಂಚಿಗೆ ಅಂಚು ಸೇರಿಸಿ ಹಿಂದೆ ಸರಿಯುವಷ್ಟರಲ್ಲಿ ಅಕ್ಕ ಒಂದು ಸುದ್ದಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡಿರುತ್ತಾಳೆ. ಯಂತ್ರ ಸರಿಯಿಲ್ಲವೆಂದು ಯಾರಾದರೂ ಗೊಣಗಿದರೆ "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಾಳೆ. ನಾನು ಹತ್ತು ನಿಮಿಷ ತಡವಾದರೆ "ಬಂದ್ಲಪ್ಪ ಮಹಾರಾಣಿ, ಪಲ್ಲಕ್ಕಿ ಎಲ್ಲಿ ಇಳಿಸಿದ್ರಮ್ಮಾ?" ಎಂದು ಕೇಳುತ್ತಾಳೆ. ಅವಳ ಬಾಯಿಗೆ ಬೀಗವಿಲ್ಲ.

ಅವಳ ಮಗಳು ಒಮ್ಮೆ ನನ್ನೊಡನೆ "ನಮ್ಮಮ್ಮನದು ಮಾತು ಬಹಳ ಕಡಿಮೆ" ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆಮೇಲೆ ತಿಳಿಯಿತು, ಅವಳು ಹೇಳಿದ್ದು ನಿಜ.

ಅಕ್ಕ ಕನ್ನಡ ನಾಡು ಬಿಟ್ಟು ಈ ಪರಭಾಷೆಯ ಊರಿಗೆ ಬಂದಾಗ ಮಗಳಿಗೆ ಐದು ವರ್ಷ. ಗಂಡ ಊರೂರು ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಶಾಲೆಗೆ ಸೇರಿಸಿದ ವಾರವೇ ಟೀಚರು ಕರೆಸಿ, "ಮನೆಯಲ್ಲೂ ಇಲ್ಲಿನ ಭಾಷೆಯಲ್ಲೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಎಂದರಂತೆ. ನಮ್ಮ ಜನಕ್ಕೆ ಟೀಚರ ಮಾತೆಂದರೆ ಮುಗಿಯಿತು, ವೇದವಾಕ್ಯ. ಆದರೂ ಬೇರೆಯವರಾಗಿದ್ದರೆ ಅಲ್ಲಿ ತಲೆಯಾಡಿಸಿ ಮನೆಗೆ ಬಂದು ತಮ್ಮ ಪಾಡಿಗೆ ತಾವಿರುತ್ತಿದ್ದರು. ಅಕ್ಕ ಅಂದೇ ಸಂಜೆ ಮಗಳ ಜೊತೆ ಕನ್ನಡ ಬಿಟ್ಟಳು. ಆ ಟೀಚರಮ್ಮನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಕ್ಕನನ್ನೂ ಪೂರ್ತಿ ಕ್ಷಮಿಸಿಲ್ಲ.

ಆಗ ಅವಳಿಗೆ ಇಲ್ಲಿನ ಭಾಷೆ ಎಷ್ಟು ಬರುತ್ತಿತ್ತು? ತಿನ್ನು, ಮಲಗು, ಕೋಟು ಹಾಕು, ತಡ ಆಯಿತು, ಜಾಗ್ರತೆ. ಮುದ್ದು ಮಾಡಲು ಮಾತಿಲ್ಲ, ಗೇಲಿ ಮಾಡಲು ಮಾತಿಲ್ಲ. "ಬೈಯೋಕೂ ಬರ್ತಿರ್ಲಿಲ್ಲ ಕಣೇ" ಎಂದು ಒಂದು ದಿನ ದಿಂಬಿನ ಕವರು ತಿರುವುತ್ತಾ ಹೇಳಿದಳು. ಮಗಳು ಹದಿನೈದನೇ ವಯಸ್ಸಿನಲ್ಲಿ ಹೇಳದೆ ಕೇಳದೆ ಎರಡು ದಿನ ಗೆಳತಿಯ ಮನೆಯಲ್ಲಿದ್ದು ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತಳಂತೆ. ಅಕ್ಕನ ಗಂಟಲವರೆಗೂ ಮಾತು ಬಂದಿತ್ತು. ಬಾಯಿಂದ ಹೊರಟದ್ದು, "ಬಂದೆಯಾ. ಕೂತುಕೋ. ತಿನ್ನು."

ಮೂರು ವರ್ಷದ ಹಿಂದೆ ನಮ್ಮ ಬೀದಿಯ ಗ್ರಂಥಾಲಯದ ಮೇಡಂ ಶನಿವಾರದ ತರಗತಿ ತೆರೆದರು. ಹೊರಗಿನಿಂದ ಬಂದವರ ಮಕ್ಕಳು ಶಾಲೆಯಲ್ಲಿ ಬಾಯೇ ಬಿಡುವುದಿಲ್ಲ, ಮನೆಮಾತಿನ ಕಥೆ, ಹಾಡು, ಒಗಟು ಹಿಡಿದುಕೊಂಡೇ ಎರಡೂ ಭಾಷೆ ಕಲಿಸೋಣ ಎಂಬುದು ಅವರ ಯೋಚನೆ. ನಮ್ಮ ಮಕ್ಕಳಿಗೆ ಹೇಳಿಕೊಡುವವರು ಬೇಕಿತ್ತು. ನಾನು ಅಕ್ಕನನ್ನು ಮುಂದೆ ತಳ್ಳಿದೆ.

ಅಕ್ಕ ಮೊದಲ ದಿನವೇ ಕೊಟ್ಟ ಮನೆಪಾಠ ಕೇಳಿ ಮೇಡಂ ಕುರ್ಚಿ ಹಿಡಿದುಕೊಂಡರು. "ಮನೇಲಿ ಅಜ್ಜಿನೋ ಅಮ್ಮನೋ ಹೆಂಗೆ ಬೈತಾರೆ, ಒಂದು ಬೈಗುಳ ಕಲ್ತುಕೊಂಡು ಬನ್ನಿ!" ಮುಂದಿನ ಶನಿವಾರ ಹದಿನಾಲ್ಕು ಮಕ್ಕಳೂ ಬಾಯಿ ತುಂಬಾ ಬೈಗುಳ ಹೊತ್ತು ಬಂದರು. ತರಲೆ, ಕುಂಭಕರ್ಣ, ಮಂಗನ ಬಾಲ, ಬಾಯಿಬಡುಕಿ, ಒಂದೊಂದಕ್ಕೂ ಒಂದೊಂದು ಕಥೆ. ಯಾರು, ಯಾಕೆ, ಯಾವಾಗ ಬೈದರು ಎಂದು ಮಗು ಮೊದಲು ಕನ್ನಡದಲ್ಲಿ ಹೇಳಬೇಕು, ಆಮೇಲೆ ಇಲ್ಲಿನ ಭಾಷೆಯಲ್ಲಿ ಮೇಡಂಗೆ ಅರ್ಥ ಮಾಡಿಸಬೇಕು. ಶಾಲೆಯಲ್ಲಿ ತುಟಿ ಹೊಲಿದುಕೊಂಡಿರುತ್ತಿದ್ದ ಆರು ವರ್ಷದ ಹುಡುಗಿಯೊಬ್ಬಳು ಎರಡೇ ತಿಂಗಳಲ್ಲಿ ಎರಡೂ ಭಾಷೆಯಲ್ಲಿ ಸಿಡಿಯತೊಡಗಿದಳು. ಅಕ್ಕ ಅವಳಿಗೆ ಪಟಾಕಿ ಎಂದು ಹೆಸರಿಟ್ಟಳು.

ನಾನು ಸುಮ್ಮನಿರಬೇಕಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಒಂದು ದಿನ ಅಣಕಿಸಿಬಿಟ್ಟೆ. ಅಕ್ಕ ತನ್ನ ಕಡೆಯ ಅಂಚಿನ ಸುಕ್ಕು ಬಿಡಿಸಿದಳು. ಆಮೇಲೆ ಮೆಲ್ಲಗೆ, "ಮೊಮ್ಮಗಳಿಗೆ ನಾಲ್ಕು ತುಂಬ್ತು. ಅವಳನ್ನಾದ್ರೂ ಕಳಿಸ್ತಾಳಾ ಅಂತ ಕಾಯ್ತಿದೀನಿ" ಎಂದಳು. ಅವಳಿಗೆ ಬೇಕಾಗಿದ್ದುದು ಅದೊಂದೇ. ಮಗಳನ್ನು ಕೇಳಲು ಒಂದು ವರ್ಷ ಬೇಕಾಯಿತು. "ಮೊದಲು ನಾನು ಬಂದು ನೋಡುತ್ತೇನೆ" ಎಂದಳಂತೆ ಮಗಳು.

ಆ ಶನಿವಾರ ನಾನೂ ಹೋಗಿದ್ದೆ. ಮಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಕೂತಳು. ಅಕ್ಕ ಅಂದು ಒಬ್ಬ ಸೋಮಾರಿ ಅಳಿಯನ ಕಥೆ ಹೇಳಿದಳು. ಅಳಿಯನ ಹಾಗೆ ಗೊರಕೆ ಹೊಡೆದಳು, ಅತ್ತೆಯ ಹಾಗೆ ಸೊಂಟಕ್ಕೆ ಕೈಕೊಟ್ಟು ಬೈದಳು. ಮಕ್ಕಳು ನೆಲದ ಮೇಲೆ ಉರುಳಾಡಿದರು, ಮಡಿಲ ಮಗುವೂ ಅವರನ್ನು ನೋಡಿ ಕಿಲಕಿಲ ಅಂದಿತು. ಮಗಳು ಮಾತ್ರ ಪಟಾಕಿಯ ಕಡೆ ಬಾಗಿ "ಏನಂದರು? ಈಗ ಏನಂದರು?" ಎಂದು ಕೇಳುತ್ತಲೇ ಇದ್ದಳು. ಅವಳ ತಾಯಿಯ ಮಾತನ್ನು ಎಂಟು ವರ್ಷದ ಕೂಸು ಅವಳಿಗೆ ಬಿಡಿಸಿ ಹೇಳುತ್ತಿತ್ತು. ನನಗೆ ನೋಡಲಾಗಲಿಲ್ಲ.

ಮಕ್ಕಳೆಲ್ಲ ಹೋದರು, ಪಟಾಕಿಯನ್ನೂ ಅವಳಪ್ಪ ಕರೆದುಕೊಂಡು ಹೋದ. ಮಗಳು ಎದ್ದು ಬಂದಳು. ಇಲ್ಲಿನ ಭಾಷೆಯಲ್ಲಿ, ತಡೆತಡೆದು, "ಈ ಹೆಂಗಸನ್ನು ನಾನು ಯಾವತ್ತೂ ನೋಡೇ ಇಲ್ಲ" ಎಂದಳು. "ನೀನು ನನಗೆ ಒಂದು ಸಲವೂ ಬೈದಿಲ್ಲ. ನಾನು ಸತ್ತರೂ ಇದ್ದರೂ ನಿನಗೆ ಒಂದೇ ಅಂದುಕೊಂಡು ಬೆಳೆದೆ. ಇವರಿಗೆಲ್ಲ ಕೊಟ್ಟೆ. ನನಗೆ ಯಾಕೆ ಕೊಡಲಿಲ್ಲ?"

ಅಕ್ಕ ಇಲ್ಲಿನ ಭಾಷೆಯಲ್ಲಿ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕನ್ನಡದಲ್ಲಿ ಕಟ್ಟೆ ಒಡೆಯಿತು.

"ಕೂಸೇ, ನಿಂಗೆ ಹೇಳ್ಬೇಕು ಅಂತಿದ್ದಿದ್ದೆಲ್ಲ ಈ ಭಾಷೇಲೇ ಇತ್ತು. ಅದೇ ನಿಂಗೆ ಅಡ್ಡ ಬರುತ್ತೆ ಅಂದ್ರು, ನುಂಗ್ಕೊಂಡೆ. ನೀನು ಮಲಗಿದ್ಮೇಲೆ ಪಕ್ಕ ಕೂತು ಸದ್ದಿಲ್ದೆ ಬರೀ ತುಟಿ ಆಡಿಸ್ತಾ ಜೋಗುಳ ಹಾಡ್ತಿದ್ದೆ. ಕಿವಿಗೆ ಬಿದ್ರೆ ನಿನ್ನ ಓದು ಕೆಡುತ್ತೇನೋ ಅಂತ ಭಯ. ಆ ಎರಡು ದಿನ ಒಂದೊಂದು ಬಸ್‌ ನಿಲ್ದಾಣದಲ್ಲೂ ನಿಂತು ನಿನ್ನ ಹೆಸರು ಹಿಡಿದು ಕೂಗಿದೀನಿ. ನೀನು ಬಂದಾಗ ಎರಡು ಬಾರಿಸಿ, ತಬ್ಬಿಕೊಂಡು, ಎಲ್ಲೇ ಹೋಗಿದ್ದೆ ನನ್ನ ಜೀವ ತಿನ್ನೋಳೇ ಅಂತ ಅಳ್ಬೇಕಿತ್ತು. ಆ ಮಾತು ಇವರ ಭಾಷೇಲಿ ನಂಗೆ ಬರ್ಲಿಲ್ಲ. ನಿಂಗಿಂತ ಹೆಚ್ಚಿಂದು ನಂಗೆ ಯಾವತ್ತೂ ಏನೂ ಇರ್ಲಿಲ್ಲ ಕಣೇ, ಇವತ್ತಿಗೂ ಇಲ್ಲ."

ಮಗಳು ನನ್ನ ಕಡೆ ತಿರುಗಿದಳು. "ಏನಂದರು?"

ಇಸ್ತ್ರಿ, ಮಡಿಕೆ, ರಜೆ, ಮೇಸ್ತ್ರಿ: ಇಲ್ಲಿನ ಭಾಷೆಯಲ್ಲಿ ನನಗಿರುವುದೂ ಲಾಂಡ್ರಿಯ ಮಾತುಗಳೇ. "ತಪ್ಪಾಯಿತು ಅನ್ನುತ್ತಾರೆ" ಎಂದೆ. "ನಿನ್ನ ಒಳ್ಳೆಯದಕ್ಕೇ ಮಾಡಿದ್ದಂತೆ."

"ಇಷ್ಟು ಹೊತ್ತು ಹೇಳಿದ್ದು ಅಷ್ಟೇನಾ?"

"ಅಷ್ಟೇ."

ಅವಳು ಮಗುವಿಗೆ ಕೋಟು ತೊಡಿಸಿದಳು, ಗುಂಡಿ ಹಾಕಿದಳು, ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಮುಂದಿನ ಶನಿವಾರ ಮೊಮ್ಮಗಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಸೋಮವಾರ ಕೆಲಸದ ನಡುವೆ ಅಕ್ಕ ನನ್ನ ಮುಖ ನೋಡದೆ ಕೇಳಿದಳು, "ಅವತ್ತು ನಾನಂದಿದ್ದು ಪೂರ್ತಿ ಹೇಳ್ದೆ ತಾನೇ?"

"ಪೂರ್ತಿ ಹೇಳ್ದೆ ಅಕ್ಕ" ಎಂದೆ.