ಅಳಿಯನ ಕಾಲಳತೆ

ನಮ್ಮ ಯಜಮಾನರು ವೆಂಕಟರಾಮು ಮೈಸೂರಿನಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವರು. ಡೆಟ್ರಾಯ್ಟ್ ಕಡೆಗೆ ಬಂದ ಮೇಲೆ ಕಾರಿನ ಸೀಟಿಗೆ ಚರ್ಮದ ಕವರು ಹೊಲಿಯುವ ಕಾರ್ಖಾನೆ ಸೇರಿದರು. ಅದು ಮುಚ್ಚಿದಾಗ, ಕೌಬಾಯ್ ಬೂಟು ಮಾಡುತ್ತಿದ್ದ ಮೆಕ್ಸಿಕೋದ ಮುದುಕನೊಬ್ಬ ಇವರನ್ನು ಕರೆದು ಕೆಲಸ ಕಲಿಸಿದ. ತೊಂಬತ್ತೆಂಟರಲ್ಲಿ ವಾರೆನ್‌ನಲ್ಲಿ, ಲಾಂಡ್ರಿಯೊಂದರ ಪಕ್ಕ, ನಮ್ಮದೇ ಅಂಗಡಿ ತೆರೆದೆವು. ಇವರು ಚರ್ಮ ಕತ್ತರಿಸಿ ಮರದ ಪಾದದಚ್ಚಿಗೆ ಏರಿಸುವರು. ಬೂಟಿನ ಉದ್ದನೆಯ ಭಾಗದ ಮೇಲಿನ ಚಿತ್ತಾರದ ಹೊಲಿಗೆ ನನ್ನದು. ನಾಲ್ಕನೇ ಕ್ಲಾಸು ಓದಿದ ನನಗೆ ಬರುತ್ತಿದ್ದುದು ಎಳೆ ರಂಗೋಲಿ. ಗೆರೆ ಎಲ್ಲೂ ಕಡಿಯುವುದಿಲ್ಲವಲ್ಲ, ದಾರಕ್ಕೂ ಅದೇ ಒಳ್ಳೆಯದು. ಗಿರಾಕಿಗಳ ಜೊತೆ ಇಂಗ್ಲಿಷು ಮಗಳು ಸಿಂಧುವಿನದು.

ನಮ್ಮ ಕಡೆಯವರಿಗೆ ಮಾತ್ರ ಈ ಕೆಲಸ ರುಚಿಸಲಿಲ್ಲ. ಯಾರ ಮನೆಯ ಪೂಜೆಗೆ ಹೋದರೂ, "ಏನ್ರೀ ವೆಂಕಟರಾಮು, ಕೈ ತೊಳ್ಕೊಂಡ್ ಬಂದ್ರಾ?" ಎಂದು ಒಬ್ಬರಾದರೂ ತಮಾಷೆ ಮಾಡುವರು. ಇವರೂ ನಗುವರು. ನಕ್ಕು, ಕೈಗಳನ್ನು ಶಲ್ಯದೊಳಗೆ ಇಟ್ಟುಕೊಳ್ಳುವರು.

ಎರಡು ಸಾವಿರದ ಮೂರರಲ್ಲಿ ಸಿಂಧುವಿಗೆ ಶಿಕಾಗೋ ಹತ್ತಿರದ ನೇಪರ್ವಿಲ್‌ನ ಹೃಷೀಕೇಶನ ಜೊತೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದಲ್ಲಿ ಹುಡುಗನ ತಾಯಿ ಸರಳಾ ತಮ್ಮವರಿಗೆ, "ಹುಡುಗಿ ತಂದೇದು ಲೆದರ್ ಗೂಡ್ಸ್" ಎಂದು ಪರಿಚಯಿಸಿದರು. ಬೂಟು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹುಡುಗನೇ, "ಅಂಕಲ್, ಕಾಶೀಯಾತ್ರೆಗೆ ನಿಮ್ಮ ಬೂಟ್ ಹಾಕ್ಕೊಂಡೇ ಹೊರಡ್ತೀನಿ" ಎಂದ. ಇವರ ಮುಖ ನೋಡಬೇಕಿತ್ತು.

"ನೋಡ್ತಿರು ಅಂಬುಜಾ, ಆ ಬೂಟ್ ನೋಡಿದ್ಮೇಲೆ ನಮ್ ಕೆಲ್ಸಾನ ಯಾರೂ ಮುಚ್ಚಿಟ್ಟು ಹೇಳಲ್ಲ" ಎಂದು ಆ ರಾತ್ರಿ ನನಗೆ ಹೇಳಿದರು.

ಇವರು ಯಾವ ಗಿರಾಕಿಯ ಸೈಜನ್ನೂ ಕೇಳಿದವರಲ್ಲ. ಕೆಳಗೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಟೇಪು ಸುತ್ತಿಯೇ ಅಳೆಯಬೇಕು. ಹೃಷೀಕೇಶ ಅಂಗಡಿಗೆ ಬಂದಾಗಲೂ ಹಾಗೇ ಕೂತು ಕೈ ಚಾಚಿದರು. ಅವನು ಥಟ್ಟನೆ ಕಾಲೆಳೆದುಕೊಂಡ.

"ಅಯ್ಯೋ ಅಂಕಲ್! ನೀವು ನನ್ ಕಾಲು ಮುಟ್ಟೋದಾ? ಹತ್ತೂವರೆ ಸೈಜು, ಅಷ್ಟೇ."

"ಇದು ಅಳತೆ ಕಣಪ್ಪಾ, ನಮಸ್ಕಾರ ಅಲ್ಲ."

"ಆದ್ರೂ ನೀವು ದೊಡ್ಡೋರು."

ಇವರಿಗೂ ಸಂಕೋಚವಾಯಿತು. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಹತ್ತೂವರೆಗೇ ಬೂಟು ಮಾಡಿದರು.

ಮದುವೆ ರಾಚೆಸ್ಟರ್ ಹಿಲ್ಸ್‌ನ ಹಾಲ್ ಒಂದರಲ್ಲಿ. ಪಂಚೆ, ಛತ್ರಿ, ಕಾಲಿಗೆ ರಂಗೋಲಿ ಬೂಟು. ಹುಡುಗ ಪಾರ್ಕಿಂಗ್ ಲಾಟ್ ದಾಟಿ ಹೊರಟಾಗ, "ಭಾವಾ, ಕಾಶಿಗೋ ಟೆಕ್ಸಾಸ್‌ಗೋ?" ಎಂದು ಹುಡುಗಿಯರು ಕೂಗಿದರು. ಸರಳಾ ಕೂಡ, "ಡಿಸೈನು ಚೆನ್ನಾಗಿದೆ ರೀ" ಎಂದರು. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹುಡುಗ ತಡವರಿಸಿ ನಡೆಯುತ್ತಿದ್ದ. ಪಂಚೆ ತೊಡರುತ್ತಿದೆ ಎಂದುಕೊಂಡೆ.

ಇವರು ಅವನನ್ನು ಒಪ್ಪಿಸಿ ಕರೆತಂದು ಮಂಟಪದಲ್ಲಿ ಕೂರಿಸಿದರು. ಅವನು ಬೂಟು ಕಳಚಿ, ಕಾಲುಚೀಲವನ್ನು ಅವಸರದಲ್ಲಿ ಬೂಟಿನೊಳಗೆ ತುರುಕಿದ. ಕಾಲು ತೊಳೆಯುವ ಶಾಸ್ತ್ರ. ನಾನು ತಂಬಿಗೆಯಿಂದ ನೀರು ಬಿಟ್ಟೆ, ಇವರು ಪಾದ ಹಿಡಿದರು. ಬೆಳ್ಳಿ ತಟ್ಟೆಯ ನೀರು ಕೆಂಪಾಯಿತು. ಕುಂಕುಮವೇನೋ ಅಂದುಕೊಂಡೆ. ನೋಡಿದರೆ ಎರಡೂ ಹಿಮ್ಮಡಿಯ ಚರ್ಮ ಸುಲಿದಿತ್ತು.

"ಏನಿಲ್ಲ ಅಂಕಲ್, ಮುಂದುವರ್ಸಿ" ಎಂದು ಹುಡುಗ ಪಿಸುಗುಟ್ಟಿದ.

ಇವರ ಹೆಬ್ಬೆರಳು ಪಾದದ ಉಬ್ಬಿನ ಮೇಲೆ ನಿಂತುಬಿಟ್ಟಿತ್ತು. ಆ ಉಬ್ಬು ಹತ್ತೂವರೆಯ ಅಚ್ಚಿಗಿಂತ ಎತ್ತರ, ಹಿಮ್ಮಡಿ ಬೂಟಿನೊಳಗೆ ಸರಿಯಾಗಿ ಕೂರದೆ ಉಜ್ಜಿತ್ತು. ಅಂಗಡಿಯಲ್ಲಿ ಸಿಗದ ಅಳತೆ ಇನ್ನೂರು ಜನರ ಎದುರು ಕೈಗೆ ಸಿಕ್ಕಿತ್ತು.

ಸರಳಾ ಬಗ್ಗಿ ನೋಡಿದರು. "ರಾಮ ರಾಮ! ಬೂಟಿನೋರ ಮನೆ ಅಳಿಯನಿಗೆ ಇದೇನಾ ಮೊದಲ್ನೇ ಉಡುಗೊರೆ?"

ಹಿಂದೆ ಯಾರೋ ನಕ್ಕರು. ಇವರು ತಲೆ ಎತ್ತಲಿಲ್ಲ. ಊಟಕ್ಕೂ ಬರಲಿಲ್ಲ.

ಹೃಷೀಕೇಶ ಒಳ್ಳೆಯ ಹುಡುಗ. ಆಮೇಲೆ ನೇಪರ್ವಿಲ್‌ನಿಂದ ಬಂದಾಗಲೆಲ್ಲ ಅಂಗಡಿಗೆ ಹೋಗಿ ತಾನೇ ಕಾಲು ನೀಡುವನು. "ಅಳೀರಿ ಮಾವ." ಇವರು ಅಳೆಯುವರು. ಅವನ ಅಚ್ಚಿಗೆ ಚರ್ಮದ ಚೂರು ಅಂಟಿಸುವರು, ಉಜ್ಜುವರು. ಬೂಟಿನ ಚರ್ಮಕ್ಕೆ ಕತ್ತರಿ ಹಾಕುವ ಹೊತ್ತಿಗೆ, "ಇನ್ನೊಂದ್ಸಲ ಅಳೀಬೇಕು ಅಂಬುಜಾ" ಎಂದು ಎದ್ದುಬಿಡುವರು. ಊರವರಿಗೆಲ್ಲ ಮಾಡಿಕೊಟ್ಟರು, ಅಳಿಯನಿಗೆ ಮಾಡಲಾಗಲಿಲ್ಲ. ಎರಡು ಸಾವಿರದ ಎಂಟರಲ್ಲಿ ಹೋಗಿಬಿಟ್ಟರು.

ಅಂಗಡಿ ಖಾಲಿ ಮಾಡುವಾಗ ಹೃಷೀಕೇಶ ಆ ಜೋಡಿ ಅಚ್ಚನ್ನು ಅಟ್ಟಣಿಗೆಯಿಂದ ಇಳಿಸಿ, ತನ್ನ ಪಾದದ ಪಕ್ಕ ಇಟ್ಟು ನೋಡಿದ.

"ಎಷ್ಟು ಕರೆಕ್ಟಾಗಿದೆ ಅತ್ತೆ" ಎಂದ.

ನನಗೆ ಅವನ ಮುಖ ನೋಡಲಾಗಲಿಲ್ಲ.