ಕರೀಗೌಡರ ಸೋಮವಾರದ ಚಿಟಿಕೆ

ಕರೀಗೌಡರು ದನದ ಹಿಂಡಿ ತಿನ್ನುತ್ತಿದ್ದರು. ಹೊಟ್ಟೆಗಲ್ಲ, ಪರೀಕ್ಷೆಗೆ. ಮಂಡಿ ಮೊಹಲ್ಲಾದ ಅವರ ಅಂಗಡಿಗೆ ಮೂಟೆ ಬಂದಿಳಿದ ಕೂಡಲೇ ಬಾಯಿ ಬಿಚ್ಚಿಸಿ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕೋಳಿ ಫೀಡಿಗೂ ಅದೇ ಮರ್ಯಾದೆ. ಸೋಮವಾರ ಮಾತ್ರ ಮೀನಿನ ಪುಡಿ ಬೆರೆತದ್ದನ್ನು ಮುಟ್ಟುತ್ತಿರಲಿಲ್ಲ. ಅಂದು ಅವರು ಮಾಂಸ, ಮೀನು ತಿನ್ನುತ್ತಿರಲಿಲ್ಲ.

ನಾನು ಪಶು ಆಹಾರ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿದ್ದೇನೆ. ಒಮ್ಮೆ ವರದಿ ಹಿಡಿದು, ನಮ್ಮ ಕಡಲೆಕಾಯಿ ಹಿಂಡಿ ಚೆನ್ನಾಗಿದೆ ಎಂದು ಅವರೆದುರು ವಾದಿಸಿದೆ. ಗೌಡರು ಥೂ ಎಂದು ಉಗಿದರು.

“ಕಾಗ್ದ ಚೆನ್ನಾಗೈತೆ ಕಣಮ್ಮ, ಹಿಂಡಿ ಮುಗ್ಗಲು.”

ಮೂಟೆಯ ತಳ ಬಗೆದರೆ ಹಸಿರು ಬೂಷ್ಟು! ನಾವು ಮೇಲಿನದನ್ನಷ್ಟೇ ಪರೀಕ್ಷಿಸಿದ್ದೆವು. ಅವತ್ತಿನಿಂದ ನನಗೆ ಅವರ ನಾಲಿಗೆಯ ಮೇಲೆ ಭಕ್ತಿ, ಸ್ವಲ್ಪ ಹೊಟ್ಟೆಕಿಚ್ಚೂ.

ಹೋದ ವರ್ಷ ನಾವು ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಒಣಗಿಸಿ ಪ್ರೋಟೀನ್ ಪುಡಿ ಮಾಡಿದೆವು. ಮೀನಿನ ಪುಡಿಯ ಬದಲು ಕೋಳಿಗೆ ಹಾಕಬಹುದೆಂಬ ಆಸೆ. ಗೌಡರು ಹೂಂ ಎಂದರೆ ಸುತ್ತಮುತ್ತಲ ಕೋಳಿ ಸಾಕುವವರು ಒಪ್ಪುತ್ತಾರೆ. ಇಲ್ಲದಿದ್ದರೆ ನನ್ನ ಎರಡು ವರ್ಷದ ಕೆಲಸ ನೀರುಪಾಲು. ದೊಡ್ಡ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಅವತ್ತು ಸೋಮವಾರವೆಂದು ನನಗೆ ಹೊಳೆಯಲೇ ಇಲ್ಲ.

“ಇದು ಸಸ್ಯಾನೋ, ಮಾಂಸಾನೋ?”

“ಎರಡೂ ಅಲ್ಲ ಗೌಡ್ರೇ. ಮೊಸರಲ್ಲಿ ಇರುತ್ತಲ್ಲ, ಅಂಥ ಸಣ್ಣ ಜೀವ.”

“ಜೀವ ಅಂದ್ಮೇಲೆ ಸೋಮ್ವಾರ ಎಂಗಮ್ಮ ತಿನ್ಲಿ?”

“ಮೊಸರು ತಿಂತೀರಲ್ಲ?”

“ಮೊಸ್ರಿನ ಹಿಂದೆ ಹಸು ಐತೆ. ಇದ್ರ ಹಿಂದೆ ಏನೈತೆ?”

“ಟ್ಯಾಂಕು” ಎಂದೆ.

ಗೌಡರು ತಬ್ಬಿಬ್ಬಾದರು. ನಾನೂ. ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, “ಬುಟ್ಟೋಗಮ್ಮ, ಯೋಚ್ನೆ ಮಾಡ್ತೀನಿ” ಎಂದರು.

ಆಮೇಲೆ ಕೇಳಿದಾಗಲೆಲ್ಲ “ಇನ್ನೂ ಗೊತ್ತಾಗ್ತಿಲ್ಲ ಕಣಮ್ಮ” ಎಂಬ ಉತ್ತರವೇ. ಮೀನಿನ ಪುಡಿಯಷ್ಟೇ ಸತ್ವವಿದೆ ಎಂದರೆ, “ಇರೋದು ಬೇರೆ, ಕೋಳಿಗೆ ಒಗ್ಗೋದು ಬೇರೆ” ಎನ್ನುತ್ತಿದ್ದರು. ಅದೂ ನಿಜವೇ. ನಮ್ಮ ಲ್ಯಾಬಿನಲ್ಲೇ ಒಂದು ಗುಂಪು ಕೋಳಿ ದುಂಡಗಾಗಿತ್ತು, ಇನ್ನೊಂದು ತಟ್ಟೆಯ ಹತ್ತಿರವೇ ಸುಳಿದಿರಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಗೌಡರು ತೀರಿಕೊಂಡು ಎರಡು ತಿಂಗಳಾಯಿತು. ಹೃದಯದ ಹಳೆಯ ಕಾಯಿಲೆ. ಮೊನ್ನೆ ಅಂಗಡಿಗೆ ಹೋದಾಗ ಅವರ ಹೆಂಡತಿ ದೇವಮ್ಮ ಡಬ್ಬಿ ತಂದುಕೊಟ್ಟರು. ತಳದಲ್ಲಿ ಸ್ವಲ್ಪವೇ ಉಳಿದಿತ್ತು.

“ಮನೆ ಕೋಳಿಗೂ ಹಾಕೋರು, ತಾವೂ ಚಿಟಿಕೆ ಹಾಕ್ಕೊಳ್ಳೋರು. ಒಂದಿನಾನೂ ಬುಡ್ಲಿಲ್ಲ. ಸೋಮ್ವಾರಾನೂ ತಿಂದು, ತಪ್ಪಾಯ್ತು ಶಿವ್ನೇ ಅಂತ ಗಲ್ಲ ಬಡ್ಕೊಳ್ಳೋರು.”

“ಏನಂದ್ರು ಕೊನೆಗೆ?”

“ಆ ಹುಡ್ಗಿ ಬಂದ್ರೆ ಕೋಳಿಗೆ ಹಾಕ್ಬೋದು ಅಂತೇಳು ಅಂದ್ರು. ಸೋಮ್ವಾರದ್ದು ಮಾತ್ರ ಇನ್ನೂ ಗೊತ್ತಾಗಿಲ್ಲ ಅಂದ್ರು.”

ನಾನು ವಾರ ನೋಡಿ ತಿನ್ನುವವಳಲ್ಲ. ಆದರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಡಬ್ಬಿ ತೆರೆದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ರುಚಿ ಏನೂ ತಿಳಿಯಲಿಲ್ಲ, ಅಳು ಬಂತು. ಅಂದೂ ಸೋಮವಾರ. ಯಾತಕ್ಕೆಂದು ಗೊತ್ತಿಲ್ಲದೆಯೇ ನಾನೂ ಗಲ್ಲ ಬಡಿದುಕೊಂಡೆ.