ನೀರು ಬಂದರೆ ಮುಚ್ಚುವ ಬೋರು

ಬಿಂಡಿಗನವಿಲೆಯ ಟೀ ಅಂಗಡಿಯಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಶಿವಣ್ಣ ಎಂಬ ಯುವಕ ಕೂತಿದ್ದ. ಈ ಕಡೆ ಬೋರ್‌ವೆಲ್ ಕೊರೆಯುತ್ತಿದ್ದವನಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ಅಲ್ಲಿ ಕಟ್ಟಬೇಕೆಂದಿರುವ ನಗರ ರೈಲಿಗಾಗಿ ರಸ್ತೆಯ ಪಕ್ಕ ನೆಲ ಕೊರೆದು ನೋಡುತ್ತಾರಂತೆ. ರಜೆ ಮುಗಿಸಿ ಹೊರಟವನನ್ನು ಬಸ್ಸು ಹತ್ತಿಸಲು ಅವನ ಅಕ್ಕ ನಿಂಗಮ್ಮ ಬಂದಿದ್ದರು.

"ಅಲ್ಲಿ ನೀರು ಸಿಗ್ತದೇನ್ಲಾ?" ಎಂದು ಅಕ್ಕ ಕೇಳಿದರು.

"ನಮ್ಗೆ ಬೇಕಾಗಿರೋದು ಬಂಡೆ ಕಣಕ್ಕ. ರೈಲಿನ ಕಂಬ ಅದ್ರ ಮ್ಯಾಲೆ ನಿಲ್ಬೇಕು. ನೀರು ಬಂದ್ರೂ ಸಿಮೆಂಟ್ ಹಾಕಿ ಮುಚ್ಚಿಬುಡ್ತೀವಿ."

ನಿಂಗಮ್ಮನ ಟೀ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಹೋದ ವರ್ಷ ಅವರ ಹೊಲದಲ್ಲಿ ಇದೇ ಶಿವಣ್ಣ ಬೋರು ಕೊರೆದಾಗ ನೀರು ಸಿಗದೆ ಬರೀ ಬಿಳಿ ಧೂಳು ಎದ್ದಿತ್ತೆಂದು ಅಂಗಡಿಯವನು ನನಗೆ ಮೆಲ್ಲಗೆ ಹೇಳಿದ.

"ಬಂದ ಗಂಗಮ್ಮನ್ನ ಮುಚ್ತೀಯೇನ್ಲಾ?" ಎಂದು ಲೋಟ ಕೆಳಗಿಟ್ಟರು.

"ನಾನೇನ್ಮಾಡ್ಲಕ್ಕ, ಅಲ್ಲಿ ಕೆಲ್ಸವೇ ಅಂಗೆ," ಎಂದು ಶಿವಣ್ಣ ತಲೆ ತಗ್ಗಿಸಿದ.

ಬಸ್ಸು ಬಂತು. ಅವನೂ ನಾನೂ ಹತ್ತಿ ಒಂದೇ ಸೀಟಿನಲ್ಲಿ ಕೂತೆವು. ಬಸ್ಸು ಹೊರಡುವ ಹೊತ್ತಿಗೆ ನಿಂಗಮ್ಮ ಓಡಿ ಬಂದು ಕಿಟಕಿಯ ಸರಳು ಹಿಡಿದರು.

"ಮುಚ್ಚೋಕ್ಮುಂಚೆ ನನ್ನ ಹೆಸ್ರೇಳ್ಕೊಂಡು ಒಂದು ಬೊಗಸೆ ಕುಡುದ್ಬುಡು ಕಣ್ಲಾ," ಎಂದರು.